ನಿಮ್ಮಣ್ಣ ಬೇಡವೆಂದಿಲ್ಲ

ಸನವಳ್ಳಿ, ಮುಂಡಗೋಡ ತಾಲೂಕು
ಭಾನುವಾರ, ೨೮ ಜುಲೈ ೨೦೦೨

ಪ್ರೀತಿಯ ಕಾಜಲ್‌ಗೆ ನಿನ್ನ ವೈನಿಯ ಆಶೀರ್ವಾದ.

ಅತ್ತೆ ಆರಾಮಿದ್ದಾರೆ. ನಿಮ್ಮಣ್ಣನಿಗೆ ಈ ವಾರ ಜ್ವರ ಬಂದಿಲ್ಲ, ಬೆನ್ನಿನ ಹುಣ್ಣು ಒಣಗುತ್ತಿದೆ. ಕ್ಷೇಮದ ಸುದ್ದಿ ಇಷ್ಟೇ. ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ನನ್ನ ದಾರಿ ನೋಡಬೇಡಿ ಎಂದು ಸುದೀಪನಿಗೆ ಬರೆಯುತ್ತೇನೆ ಅಂದಿದ್ದೀಯಲ್ಲ, ಆ ಪತ್ರ ಇನ್ನೂ ನಿನ್ನ ಹತ್ತಿರವೇ ಇದ್ದರೆ ಹರಿದು ಒಲೆಗೆ ಹಾಕು. ಕಳಿಸಿಬಿಟ್ಟಿದ್ದರೆ ಶಾಲೆಗೆ ರಜೆ ಹಾಕಿ ಹಳಿಯಾಳಕ್ಕೆ ಹೋಗಿ ಅವನನ್ನೇ ಕಂಡು ಮಾತಾಡು.

ಶುಕ್ರವಾರ ನಿನ್ನ ಪತ್ರ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅಣಶಿಯಲ್ಲಿ ನಿಮ್ಮ ಶಾಲೆಯ ಹತ್ತಿರದ ಆ ಅಂಗಡಿಯ ಫೋನಿಗೆ ಎರಡು ಸಲ ಮಾಡಿದೆ, ಲೈನೇ ಸಿಗಲಿಲ್ಲ. ಸಿಕ್ಕಿದ್ದರೂ ಸುತ್ತ ಜನ ನಿಂತಿರುವಾಗ ಇದನ್ನು ಹೇಳುವುದು ಹೇಗೆ? ನಾಳೆ ರಜಾಕ ಭಾಯಿ ಪಂಪಿನ ಕೆಲಸಕ್ಕೆಂದು ಜೊಯಿಡಾ ಕಡೆ ಹೋಗುತ್ತಾರೆ. ಅಣಶಿಯವರೆಗೂ ಬಂದು ಈ ಪತ್ರವನ್ನು ನಿನ್ನ ಕೈಗೇ ಕೊಡಲು ಒಪ್ಪಿದ್ದಾರೆ. ಇದಕ್ಕೆ ಮೊದಲು ಮೂರು ಹಾಳೆ ಬರೆದು ಹರಿದೆ.

ಹೋದ ಭಾನುವಾರ ನೀನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನೀನು ಅಣ್ಣನ ಮಂಚದ ಹತ್ತಿರ ಕೂತು ಏನೋ ಕೇಳುತ್ತಿದ್ದ ದನಿ ಕಿಟಕಿಯಿಂದ ಬಂತು, ಮಾತು ತಿಳಿಯಲಿಲ್ಲ. ಆಮೇಲೆ ನೀನು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದೆ. ನಾಳೆ ಶಾಲೆಗೆ ಸಾಹೇಬರು ಬರುತ್ತಾರೆ ಎಂದು ನೆಪ ಹೇಳಿ, ಊಟ ಕೂಡ ಮಾಡದೆ ಬಸ್ಸಿಗೆ ಓಡಿದೆ. ಅಣ್ಣನನ್ನು ನೋಡಿ ಸಂಕಟವಾಯಿತೇನೋ ಅಂದುಕೊಂಡು ಸುಮ್ಮನಾದೆ. ನಿನ್ನ ಪತ್ರದಲ್ಲಿ ಓದಿದ ಮೇಲೆಯೇ ಗೊತ್ತಾಯಿತು. "ಅಣ್ಣಾ, ಸುದೀಪನ ಜೋಡಿ ನನ್ನ ಮದಿವಿ ಆಗ್ಲೇನು? ಹೂಂ ಅನ್ನೂದಾದ್ರ ಕೈ ಹಿಡಿ" ಎಂದು ಮೂರು ಸಲ ಕೇಳಿದೆಯಂತೆ. ಕೈ ಹಿಡಿಯಲಿಲ್ಲವಂತೆ. ಕಣ್ಣನ್ನೂ ಆಚೆ ತಿರುಗಿಸಿಕೊಂಡರಂತೆ. ಅಣ್ಣನಿಗೆ ಮನಸ್ಸಿಲ್ಲದ ಮದುವೆ ತನಗೆ ಬೇಡ ಎಂದು ಬರೆದಿದ್ದೀಯ.

ಕಾಜಲ್, ನಿಮ್ಮಣ್ಣ ಬೇಡವೆಂದಿಲ್ಲ. ಬೇಕೆಂದೂ ಅಂದಿಲ್ಲ. ನೀನು ಕೇಳಿದ್ದು ಅವರಿಗೆ ಮುಟ್ಟಿಯೇ ಇಲ್ಲ. ಇದು ನನಗೆ ಹದಿನಾರು ತಿಂಗಳಿಂದ ಗೊತ್ತು.

ಇಷ್ಟು ಬರೆದು ಎದ್ದು ಹೋಗಿ ಬಂದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕಲ್ಲ. ಅದು ಆಗುತ್ತಲೇ ಮೂಗಿನ ನಳಿಗೆಯಲ್ಲಿ ಗಂಜಿ ಬಿಟ್ಟೆ. ಈಗ ಕಣ್ಣು ತೆರೆದು ಮಲಗಿದ್ದಾರೆ. ಮತ್ತೆ ಕೂತಿದ್ದೇನೆ. ಮೊದಲಿಂದ ಹೇಳುತ್ತೇನೆ. ನೀನಾಗ ಕುಮಟಾದಲ್ಲಿ ಟಿಸಿಎಚ್ ಓದುತ್ತಿದ್ದೆ, ನಾವು ಹೇಳಿದಷ್ಟೇ ನಿನಗೆ ಗೊತ್ತಿರುವುದು. ನಾವು ಎಲ್ಲವನ್ನೂ ಹೇಳಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ನಿಮ್ಮಣ್ಣ, ರಜಾಕ ಭಾಯಿ ಇಬ್ಬರೂ ಒಂದು ಪಂಪ್‌ಸೆಟ್ ರಿಪೇರಿಗೆ ಹೋಗಿದ್ದರು. ಬಾವಿಯ ತಳದಲ್ಲಿ ಪೈಪಿನ ಕೊನೆಯ ವಾಲ್ವಿಗೆ ಕಸ ಸಿಕ್ಕು ನೀರು ಏರುತ್ತಿರಲಿಲ್ಲ. ನಿಮ್ಮಣ್ಣ ಹಗ್ಗ ಹಿಡಿದು ಇಳಿದು ಮುಳುಗಿದರು. ಕೆಳಗೆ ಬಿದ್ದಿದ್ದ ಹಳೆಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಎಷ್ಟು ಹೊತ್ತು ನೀರೊಳಗೆ ಇದ್ದರೋ ಯಾರಿಗೂ ಖಚಿತವಿಲ್ಲ. ಒಂದು ಬೀಡಿ ಸೇದುವಷ್ಟು ಎಂದು ರಜಾಕ ಭಾಯಿ ಅನ್ನುತ್ತಾರೆ. ಅವತ್ತಿನಿಂದ ಅವರು ಬೀಡಿ ಮುಟ್ಟಿಲ್ಲ, ನಾನೂ ಕಾರಣ ಕೇಳಿಲ್ಲ. ಹಾರಿ ಎತ್ತಿ ತಂದವರು, ಎದೆ ಒತ್ತಿ ಒತ್ತಿ ಉಸಿರು ಬರಿಸಿದವರು ಅವರೇ. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಾಗ ಎದೆ ಬಡಿಯುತ್ತಿತ್ತು. ಅಷ್ಟರೊಳಗೆ ಮಿದುಳಿಗೆ ಗಾಳಿ ಇಲ್ಲದೆ ಆಗಬಾರದ್ದು ಆಗಿಹೋಗಿತ್ತು.

ಇಪ್ಪತ್ತೆರಡು ದಿನ ಕಣ್ಣು ಮುಚ್ಚಿಕೊಂಡೇ ಇದ್ದರು. ಇಪ್ಪತ್ಮೂರನೆಯ ದಿನ ಬೆಳಿಗ್ಗೆ ನಾನು ಮುಖ ಒರೆಸುತ್ತಿದ್ದಾಗ ತೆರೆದರು. ನಾನು ವಾರ್ಡಿನ ಉದ್ದಕ್ಕೂ ಕೂಗುತ್ತ ಓಡಿದೆ. ಅತ್ತೆ ಪಕ್ಕದ ಹಾಸಿಗೆಯವರಿಗೆಲ್ಲ ಸಕ್ಕರೆ ಹಂಚಿದರು. ನಿನಗೆ ಫೋನ್ ಮಾಡಿ, ನಿಮ್ಮಣ್ಣನಿಗೆ ಎಚ್ಚರವಾಯಿತು ಎಂದು ಹೇಳಿದವಳು ನಾನೇ. ಅದು ಸುಳ್ಳಾಗಿರಲಿಲ್ಲ. ಎಚ್ಚರವಂತೂ ಆಗಿತ್ತು. ಬೆಳಿಗ್ಗೆ ಕಣ್ಣು ಬಿಡುತ್ತಿದ್ದರು, ಕತ್ತಲಾದರೆ ಮುಚ್ಚುತ್ತಿದ್ದರು. ಆಕಳಿಸುತ್ತಿದ್ದರು, ಹಲ್ಲು ಕಡಿಯುತ್ತಿದ್ದರು. ಯಾರಾದರೂ ಸ್ಟೀಲಿನ ತಟ್ಟೆ ಬೀಳಿಸಿದರೆ ಬೆಚ್ಚುತ್ತಿದ್ದರು. ಒಮ್ಮೊಮ್ಮೆ ತುಟಿ ಅರಳಿ ನಕ್ಕಂತೆ ಕಾಣುತ್ತಿತ್ತು. ಇನ್ನೇನು, ನಾಳೆ ಮಾತಾಡುತ್ತಾರೆ ಅಂದುಕೊಂಡೆವು. ಹದಿನೈದು ದಿನ ಹೀಗೇ ಹೋಯಿತು.

ಆಗ ಡಾಕ್ಟರ್ ಬಸಲಿಂಗಯ್ಯನವರು ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿ ಹೇಳಿದರು. "ಎಚ್ಚರ ಬ್ಯಾರೆ, ಅರಿವು ಬ್ಯಾರೆ ನೋಡ್ರಿ. ನಮ್ಮೊಳಗ ಅವೆರಡೂ ಕೂಡೇ ಇರತಾವು, ಅದಕ್ಕ ನಮಗ ಒಂದ ಅನಸ್ತಾವು. ಇವರೊಳಗ ಎಚ್ಚರ ಬಂದೈತಿ, ಅರಿವು ಬಂದಿಲ್ಲ. ಉಸಿರಾಡೂದು, ನಿದ್ದಿ, ಕಣ್ಣ ತೆರೆಯೂದು ಇವನ್ನೆಲ್ಲ ನಡಸೂ ಮಿದುಳಿನ ಬುಡ ಉಳದೈತಿ. ನಾ ಯಾರು, ಮುಂದ ನಿಂತಾಕಿ ಯಾರು ಅಂತ ತಿಳಿಯೂ ಮ್ಯಾಲಿನ ಭಾಗ ಕೆಟ್ಟೈತಿ" ಅಂದರು. ಅತ್ತೆ ನಗುವಿನ ಮಾತು ಎತ್ತಿದರು. ಅದು ಸಂತೋಷದ ನಗುವಲ್ಲ, ಕಣ್ಣೀರು ಬಂದರೆ ದುಃಖದ್ದಲ್ಲ, ಮುಖದ ನರಗಳು ತಮ್ಮಷ್ಟಕ್ಕೆ ತಾವು ಮಾಡುವ ಕೆಲಸ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ರಜಾಕ ಭಾಯಿ ಕೇಳಿದರು, "ಮೋಟರ್ ತಿರಗತೈತಿ, ನೀರು ಏರವಲ್ದು. ಹಂಗೇನ್ರಿ ಸಾಹೇಬ್ರ?" ಡಾಕ್ಟರು ಅಂದರು, "ಹಂಗಂದ್ರೂ ಪೂರಾ ಸರಿ ಆಗೂದಿಲ್ಲ. ಪಂಪು ನೀವು ಬಿಚ್ಚಿ ನೋಡಬಹುದು. ಅರಿವು ಐತೋ ಇಲ್ಲೋ ಅಂತ ನಾ ಬಿಚ್ಚಿ ನೋಡಾಕ ಬರೂದಿಲ್ಲ. ಕೇಳತೇನಿ, ಮುಟ್ಟತೇನಿ, ತೋರಸ್ತೇನಿ. ಅವರ ಕಡೆಯಿಂದ ಏನರ ಬರತೈತೇನಂತ ಕಾಯತೇನಿ. ಇಲ್ಲೀತನಕಾ ಬಂದಿಲ್ಲ."

ಕಾಗದದ ಮೇಲೆ ಇಂಗ್ಲಿಷಿನಲ್ಲಿ ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್ ಎಂದು ಬರೆದಿದ್ದರು. ನಡುವಿನ ಶಬ್ದ ಓದಿದ ಕೂಡಲೇ ನನ್ನ ಮೈ ಉರಿಯಿತು. ನನ್ನ ಗಂಡ ತರಕಾರಿಯೇನು ಎಂದು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಗಿಡ ಬೆಳೆಯುವಂತೆ ದೇಹ ತನ್ನ ಕೆಲಸ ತಾನು ನಡೆಸಿಕೊಂಡು ಹೋಗುತ್ತದೆ ಎಂಬ ಅರ್ಥದಲ್ಲಿ ಯಾರೋ ಇಟ್ಟ ಹೆಸರು, ನನಗೂ ಅದು ಸೇರುವುದಿಲ್ಲ, ಆದರೆ ಬೇರೆ ಹೆಸರು ಸಿಕ್ಕಿಲ್ಲ ಅಂದರು.

ಹೊರಗೆ ಬಂದ ಮೇಲೆ ದೊಡ್ಡಪ್ಪ ಹೇಮಲಪ್ಪ ಎಲ್ಲರನ್ನೂ ಮೆಟ್ಟಿಲ ಹತ್ತಿರ ಕರೆದು ನಿಲ್ಲಿಸಿದರು. ಅವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು, ಈಗಿಲ್ಲ. ತಮ್ಮನ ಮಗನನ್ನು ಎತ್ತಿ ಆಡಿಸಿದವರು ಅವರು. "ಸಾಕವಾ ಇನ್ನ. ಆ ನಳಿಗಿ ತಗಸಿ ಮನಿಗೆ ಒಯ್ಯೂಣು. ಅವನ ಹಾಸಿಗಿ ಮ್ಯಾಲ ಅವ ಮಲಗ್ಲಿ. ಮುಂದಿಂದು ದೇವರು ನೋಡ್ಕೋತಾನ" ಅಂದರು. ಅತ್ತೆ ನೆಲ ನೋಡುತ್ತ ನಿಂತಿದ್ದರು. ರಜಾಕ ಭಾಯಿ ಗೋಡೆ ಕಡೆ ತಿರುಗಿದರು. ಯಾರೂ ಬೇಡ ಅನ್ನಲಿಲ್ಲ. ನನಗೆ ಆಗ ಇಪ್ಪತ್ತಾರು ವರ್ಷ. ಆ ನಳಿಗೆ ತೆಗೆದರೆ ಎಷ್ಟು ದಿನ ಎಂದು ಲೆಕ್ಕ ಹಾಕುವಷ್ಟು ಬುದ್ಧಿ ನನಗಿತ್ತು.

ಆಗಲೇ ನಾನು ಹೇಳಿದ್ದು: "ಬ್ಯಾಡ್ರಿ. ಇವತ್ತ ಮುಂಜಾನೆ ಕೈ ಹಿಡಿ ಅಂದೆ, ಹಿಡದ್ರು. ಇನ್ನೊಮ್ಮೆ ಹಿಡಿ ಅಂದೆ, ಇನ್ನೊಮ್ಮೆ ಹಿಡದ್ರು."

ನಾನು ಕೇಳಿರಲೇ ಇಲ್ಲ, ಕಾಜಲ್. ಒದ್ದೆ ಬಟ್ಟೆಯಿಂದ ಕೈ ಒರೆಸುವಾಗ ನನ್ನ ಬೆರಳು ಅವರ ಅಂಗೈಗೆ ತಾಕಿತ್ತು, ಅವರ ಬೆರಳು ಮಡಚಿ ನನ್ನ ಬೆರಳನ್ನು ಹಿಡಿದುಕೊಂಡಿದ್ದವು. ಗಟ್ಟಿಯಾಗಿಯೇ ಹಿಡಿದಿದ್ದವು. ಅಷ್ಟು ಮಾತ್ರ ನಿಜ. "ಹಿಡಿ ಅಂದೆ" ಎನ್ನುವುದನ್ನು, "ಇನ್ನೊಮ್ಮೆ" ಎನ್ನುವುದನ್ನು ಆ ಮೆಟ್ಟಿಲ ಮೇಲೆ ನಿಂತು ನಾನೇ ಸೇರಿಸಿದೆ. ಸೇರಿಸುವಾಗ ನಾಲಿಗೆ ತಡವರಿಸಲೂ ಇಲ್ಲ.

ದೊಡ್ಡಪ್ಪ ನನ್ನ ತಲೆ ಮೇಲೆ ಕೈ ಇಟ್ಟು ಅತ್ತುಬಿಟ್ಟರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು, ಕುಮಟಾದಲ್ಲಿದ್ದ ನಿನಗೂ ಮುಟ್ಟಿತು. ಅಣ್ಣ ಎದ್ದು ನಿಂತು ಅಕ್ಕಿಕಾಳು ಹಾಕಿದರೆ ಮಾತ್ರ ಮದುವೆ ಎಂದು ನೀನು ಹರಕೆ ಹೊತ್ತದ್ದು ಆ ವಾರವೇ. ನಿನಗೆ ಆಗಲೇ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಒಂದು ವೇಳೆ ಅವರು ನಿಜವಾಗಿಯೇ ಎದ್ದುಬಿಟ್ಟರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂಬ ಆಸೆಯೂ ಇತ್ತು.

ಡಾಕ್ಟರು ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾದದ್ದು. ಮನೆಯವರು ಕಂಡದ್ದನ್ನು ನಾವು ಎಷ್ಟೋ ಸಲ ಕಂಡಿರುವುದಿಲ್ಲ, ಅರಿವು ಒಂದು ಎಳೆಯಷ್ಟು ಉಳಿದವರನ್ನೂ ಇಲ್ಲವೆಂದು ಬರೆದುಬಿಡುವ ತಪ್ಪು ಆಗುತ್ತದೆ, ಆದ್ದರಿಂದ ಮತ್ತೆ ನೋಡುತ್ತೇನೆ ಅಂದರು. ಮೂರು ದಿನ, ದಿನಕ್ಕೆ ಎರಡು ಹೊತ್ತು ಬಂದು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕಣ್ಣ ಮುಂದೆ ಕನ್ನಡಿ ಹಿಡಿದು ನಿಧಾನಕ್ಕೆ ಆಚೆ ಈಚೆ ಸರಿಸಿದರು. ಮನುಷ್ಯನ ಕಣ್ಣು ಬೇರೆ ಏನನ್ನು ಬಿಟ್ಟರೂ ತನ್ನ ಮುಖದ ಹಿಂದೆ ಹೋಗುತ್ತದಂತೆ. ನಿಮ್ಮಣ್ಣನ ಕಣ್ಣು ಹೋಗಲಿಲ್ಲ, ತನಗೆ ತೋಚಿದ ಕಡೆ ಅಲೆಯುತ್ತಿತ್ತು. ಮೇಲೆ ನೋಡ್ರಿ ಅಂದರು. ಹೆಸರು ಹಿಡಿದು ಕರೆದರು. ನನ್ನಿಂದ ಕರೆಸಿದರು, ಅತ್ತೆಯಿಂದ ಕರೆಸಿದರು. ಉಗುರು ಒತ್ತಿದರೆ ಕೈ ಹಿಂದಕ್ಕೆ ಬರುತ್ತಿತ್ತು, ಒತ್ತುವವರ ಕೈಯನ್ನು ಸರಿಸಲು ಇನ್ನೊಂದು ಕೈ ಬರುತ್ತಿರಲಿಲ್ಲ. ಕೊನೆಗೆ ಡಾಕ್ಟರು ತಮ್ಮ ಬೆರಳನ್ನು ನಿಮ್ಮಣ್ಣನ ಅಂಗೈಗೆ ತಾಕಿಸಿದರು. ಹಿಡಿದರು. ಪೆನ್ನು ತಾಕಿಸಿದರು. ಅದನ್ನೂ ಹಿಡಿದರು. "ಬಿಡ್ರಿ, ಪರಶುರಾಮ" ಅಂದರು. ಬಿಡಲಿಲ್ಲ.

ಮೂರನೆಯ ದಿನ ನನ್ನನ್ನು, ರಜಾಕ ಭಾಯಿಯನ್ನು ಇಬ್ಬರನ್ನೇ ಕರೆದರು. "ನೀ ಸುಳ್ಳು ಹೇಳಿದಿ ಅಂತ ನಾ ಅನ್ನೂದಿಲ್ಲವಾ. ಹಿಡದದ್ದು ಖರೇ. ಆದರ ಅದು ನಿನಗ ಕೊಟ್ಟ ಉತ್ತರ ಅಲ್ಲ" ಅಂದರು. ಇನ್ನೂ ಒಂದೆರಡು ತಿಂಗಳು ಕಾಯೋಣ, ಇಂಥ ಗಾಳಿಯಿಲ್ಲದ ಪೆಟ್ಟಿನಲ್ಲಿ ಮೂರು ತಿಂಗಳೊಳಗೆ ಏನೂ ಕಾಣದಿದ್ದರೆ ಆಮೇಲೆ ಕಾಣುವುದು ಬಹಳ ಅಪರೂಪ ಅಂದರು. ಮನೆಯವರಿಗೂ ತಾವೇ ಹೇಳಲೇ ಎಂದು ಕೇಳಿದರು. ಬೇಡ, ನಾನೇ ಹೇಳುತ್ತೇನೆ ಅಂದೆ. ಮನೆಗೆ ಕರೆದುಕೊಂಡು ಬಂದ ಮೇಲೆ, ಕಾಯಬೇಕಂತೆ ಎಂದಷ್ಟೇ ಹೇಳಿದೆ. ರಜಾಕ ಭಾಯಿಗೆ ಕೈ ಮುಗಿದು ಬಾಯಿ ಬಿಡಬೇಡಿ ಅಂದೆ. ಅವರು ಇವತ್ತಿನವರೆಗೂ ಬಿಟ್ಟಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ನಿಮ್ಮಣ್ಣನ ಗಡ್ಡ ಹೆರೆದು, ಒಂದು ಮಾತೂ ಆಡದೆ ಹೋಗುತ್ತಾರೆ. ಮೊನ್ನೆ ಮಾತ್ರ ನಿನ್ನ ಪತ್ರದ ವಿಷಯ ಹೇಳಿದಾಗ, "ವೈನಿ, ಇನ್ನ ಮುಚ್ಚಿಟ್ರ ಗುನ್ಹಾ ಆಕ್ಕೈತ್ರಿ" ಅಂದರು.

ಈಗ ಅವರ ಬೆರಳು ಬಿಗಿದುಕೊಂಡಿವೆ. ಉಗುರು ಅಂಗೈಗೆ ಚುಚ್ಚಬಾರದೆಂದು ಬಟ್ಟೆಯ ಸುರುಳಿ ಇಡುತ್ತೇನಲ್ಲ, ನೀನು ಅದನ್ನು ತೆಗೆದು ಬೆರಳ ತುದಿ ಹಿಡಿದುಕೊಂಡು ಕೇಳಿರಬೇಕು. ಅಂಗೈಯ ನಡುವಿಗೆ ತಾಕಿಸಿದ್ದರೆ ಹಿಡಿಯುತ್ತಿದ್ದರೋ ಏನೋ. ಆಗ ನೀನು ಅಣ್ಣ ಹೂಂ ಅಂದ ಎಂದು ಕುಣಿದಾಡಿ ಹೋಗುತ್ತಿದ್ದೆ. ನಾನು ಮತ್ತೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂದು ನೆನೆದರೆ ನನ್ನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ. ಕಣ್ಣು ತಿರುಗಿಸಿದ್ದಕ್ಕೂ ಅರ್ಥ ಹಚ್ಚಬೇಡ. ಬಾಗಿಲ ಬೆಳಕಿನ ಕಡೆಗೆ ಅದು ದಿನಕ್ಕೆ ನೂರು ಸಲ ತಿರುಗುತ್ತದೆ.

ಕಳೆದ ತಿಂಗಳು ರಜಾಕ ಭಾಯಿಯ ಟೆಂಪೊದಲ್ಲಿ ಮತ್ತೆ ಹುಬ್ಬಳ್ಳಿಗೆ ಒಯ್ದಿದ್ದೆವಲ್ಲ, ಹುಣ್ಣು ತೋರಿಸಲು ಎಂದು ನಿನಗೆ ಬರೆದಿದ್ದೆ. ಹುಣ್ಣೂ ತೋರಿಸಿದೆವು. ಅದೇ ಡಾಕ್ಟರು ಮತ್ತೆ ಎಲ್ಲ ನೋಡಿದರು. ಏನೂ ಬದಲಾಗಿಲ್ಲ, ಇನ್ನು ಬದಲಾಗುವ ಆಸೆಯನ್ನು ನಾನು ಕೊಡಲಾರೆ ಅಂದರು. ಅವರಿಗೆ ನೋವಾಗುತ್ತದೆಯೇ, ನನ್ನನ್ನು ಕಾಯುತ್ತಾರೆಯೇ ಎಂದು ಕೇಳಿದೆ. ನಮಗೆ ತಿಳಿದಷ್ಟರ ಮಟ್ಟಿಗೆ ನೋವು ಅವರಿಗೆ ನೋವಾಗಿ ಮುಟ್ಟುವುದಿಲ್ಲ, ಕಾಯುವುದಕ್ಕೆ ನಿನ್ನೆ ನಾಳೆಗಳು ಗೊತ್ತಿರಬೇಕು ಅಂದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಅಳು ಬರುತ್ತದೆ ಅಂದುಕೊಂಡರೆ ಹಸಿವಾಯಿತು. ಎರಡು ಇಡ್ಲಿ ತಿಂದೆ. ತಿಂದ ಮೇಲೆ ಅಳು ಬಂತು.

ಇನ್ನೊಂದು ಹೇಳಿಬಿಡುತ್ತೇನೆ. ಆ ಹುಣ್ಣು ಹೇಗಾಯಿತು ಎಂದು ನೀನು ಕೇಳಿದ್ದೆ, ಸೆಖೆಗೆ ಅಂದಿದ್ದೆ. ಮೇ ತಿಂಗಳಲ್ಲಿ ಒಂದು ದಿನ ಅತ್ತೆ ಸಂತೆಗೆ ಹೋಗಿದ್ದರು. ಮಗ್ಗಲು ಬದಲಿಸುವ ಹೊತ್ತಾಯಿತು, ನಾನು ಏಳಲಿಲ್ಲ. ಹೊಸ್ತಿಲ ಮೇಲೆ ಕೂತು ರಸ್ತೆ ನೋಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕೂತೇ ಇದ್ದೆ. ಗೊತ್ತಾಗದವರಿಗೆ ಮಗ್ಗಲು ಯಾವುದಾದರೇನು ಎಂದು ಒಂದು ಯೋಚನೆ ಬಂದಿತ್ತು. ಸಂಜೆ ನೋಡಿದರೆ ಬೆನ್ನ ಕೆಳಗೆ ಚರ್ಮ ಕೆಂಪಾಗಿತ್ತು, ವಾರದಲ್ಲಿ ಬಾಯಿ ಬಿಟ್ಟಿತು. ಅವರಿಗೆ ಗೊತ್ತಿಲ್ಲದಿರಬಹುದು, ಆದರೆ ಅದನ್ನು ದಿನಾ ತೊಳೆಯುವಾಗ ನನಗೆ ಗೊತ್ತಿರುತ್ತದೆ. ಆಮೇಲೆ ಹಾಗೆ ಕೂತಿಲ್ಲ.

ಹಾಗೆಂದು ನಾನು ಸೇವೆಯ ಮೂರ್ತಿಯಾಗಿದ್ದೇನೆ ಅಂದುಕೊಳ್ಳಬೇಡ. ನಿಂತರೆ ಕೂರಬೇಕು, ಕೂತರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಮುಂಡಗೋಡಿನಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಹೆಂಗಸರು ಬೇಕಂತೆ. ಅರ್ಧ ದಿನ ಹೋಗಿಬರಲೇ ಎಂದು ಅತ್ತೆಯನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ನನ್ನ ಮಗ ನಿನ್ನನ್ನೇ ಹುಡುಕುತ್ತಾನೆ ಎಂದು ಅವರು ಅಂದುಬಿಟ್ಟರೆ ನಾನೇನು ಹೇಳಲಿ?

ನೀನು ನನ್ನ ಮೇಲೆ ಸಿಟ್ಟಾಗು. ಮಾತು ಬಿಡು ಬೇಕಾದರೆ. ಆದರೆ ನಿಮ್ಮಣ್ಣನ ಹೆಸರಿನಲ್ಲಿ ಆ ಹುಡುಗನನ್ನು ಬಿಡಬೇಡ. ಸುದೀಪ ಒಂದೂವರೆ ವರ್ಷ ಕಾದಿದ್ದಾನೆ, ತನ್ನ ಟಿವಿ ರಿಪೇರಿ ಅಂಗಡಿ ಮುಚ್ಚಿ ಎರಡು ಸಲ ಬಂದು ನಿಮ್ಮಣ್ಣನನ್ನು ಎತ್ತಿ ಕೂರಿಸಲು ನನಗೆ ಕೈಜೋಡಿಸಿದ್ದಾನೆ. ಅರಿವಿದ್ದಾಗ ನಿಮ್ಮಣ್ಣ ಅವನ ಬಗ್ಗೆ ಆಡಿದ ಮಾತು ನನಗೆ ಗೊತ್ತು. ಬಾವಿಗೆ ಹೋಗುವ ಹದಿನೈದು ದಿನ ಮೊದಲು ಹಳಿಯಾಳದಿಂದ ಬಂದವರು ಊಟಕ್ಕೆ ಕೂತು, "ಹುಡುಗ ಚೊಲೊ ಅದಾನ. ನಮ್ಮ ಕಾಜಲ್ ಜಗಳಗಂಟಿ, ಅವ ತಡಕೋತಾನ" ಎಂದು ನಕ್ಕಿದ್ದರು. ಇದರಲ್ಲಿ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ನೀನು ನಂಬುತ್ತೀಯೋ ಇಲ್ಲವೋ ಗೊತ್ತಿಲ್ಲ. ನಂಬದಿದ್ದರೆ ಅದಕ್ಕೆ ಕಾರಣ ನಾನೇ.

ಅತ್ತೆಗೆ ಇದೇನನ್ನೂ ಹೇಳಬೇಡ. ದಿನಾ ಬೆಳಿಗ್ಗೆ ಮಗನ ಕೈಯೊಳಗೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆಯೇ ಚಹಾ ಕುಡಿಯುವುದು. ಅದನ್ನೂ ಕಿತ್ತುಕೊಳ್ಳುವುದು ನನ್ನಿಂದಾಗದು.

ನಿನ್ನ ತಪ್ಪಿತಸ್ಥ ವೈನಿ,
ತುಳಜಾ

ತಾ.ಕ.: ಸಹಿ ಹಾಕಿ ತಲೆ ಎತ್ತಿದರೆ ಅತ್ತೆ ಎದುರಿಗೇ ಕೂತಿದ್ದರು. ಕಾಜಲ್‌ಗೆ ಇಷ್ಟುದ್ದ ಏನು ಬರೆದಿ, ಓದು ಅಂದರು. ಬೇರೆ ಏನಾದರೂ ಹುಟ್ಟಿಸಿಕೊಂಡು ಓದಬಹುದಿತ್ತು. ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಓದಿದೆ, ಹುಣ್ಣಿನ ಸಂಗತಿಯನ್ನೂ ಬಿಡಲಿಲ್ಲ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಲೇ ಕೇಳಿದರು. ಮುಗಿದ ಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಈ ಊರಾಗಿನ ಕೂಸುಗಳನ್ನೆಲ್ಲಾ ಎತ್ತಿದ ಕೈ ಇದು. ಹುಟ್ಟಿ ಒಂದು ತಾಸು ಆಗಿರೂದಿಲ್ಲ, ಅಂಗೈಯಾಗ ಬಟ್ಟು ಇಟ್ರ ಗಟ್ಯಾಗಿ ಹಿಡಿತಾವು. ಅವ್ವನ ಬಟ್ಟೋ ಸೂಲಗಿತ್ತಿ ಬಟ್ಟೋ ಅವಕ್ಕೇನು ಗೊತ್ತು? ಪರಶ್ಯಾ ಹಿಡದಾಗ ನನಗ ಆವತ್ತ ತಿಳೀತು. ನೀ ಉಣ್ಣೂದ ಬಿಟ್ಟಿದ್ದಿ. ಆ ಮಾತು ಹೇಳಿದ ಮ್ಯಾಲೆ ಒಂದು ರೊಟ್ಟಿ ತಿಂದಿ. ಅದಕ್ಕ ನಾ ಬಾಯಿ ಬಿಡಲಿಲ್ಲ."

ಹಾಗಾದರೆ ದಿನಾ ಬೆಳಿಗ್ಗೆ ಅವರ ಕೈಯೊಳಗೆ ಬೆರಳಿಟ್ಟು ಯಾಕೆ ಕೂರುತ್ತೀರಿ ಅಂದೆ. ನನ್ನನ್ನು ದಡ್ಡಿ ಎಂಬಂತೆ ನೋಡಿ, "ನನ್ನ ಮಗ ಅಲ್ಲೇನ ಅಂವ?" ಅಂದರು. ಹೊಲಿಗೆ ಕೆಲಸಕ್ಕೆ ಮಧ್ಯಾಹ್ನದ ಪಾಳಿ ಕೇಳು, ಬೆಳಗಿನ ಮಗ್ಗಲಿಗೆ ಇಬ್ಬರು ಬೇಕಾಗುತ್ತಾರೆ ಎಂದೂ ಹೇಳಿದರು.

ನೀನು ಅಣ್ಣನನ್ನು ಕೇಳಿದ್ದು ಅತ್ತೆಯ ಕಿವಿಗೂ ಬಿದ್ದಿತ್ತಂತೆ. ನೀನು ಅತ್ತು ಹೋದ ಮರುದಿನವೇ ಅವರು ಹೇಮಲಪ್ಪ ದೊಡ್ಡಪ್ಪನನ್ನು ನನಗೆ ತಿಳಿಸದೆ ಹಳಿಯಾಳಕ್ಕೆ ಕಳಿಸಿದ್ದರಂತೆ. ಶ್ರಾವಣದ ಮೊದಲ ಸೋಮವಾರ ಸುದೀಪನ ಮನೆಯವರು ಮಾತಿಗೆ ಬರುತ್ತಾರೆ. ನೀನು ಶನಿವಾರವೇ ಬರಬೇಕಂತೆ. ಸುದೀಪನ ತಾಯಿಗೆ ಅತ್ತೆ ಇನ್ನೂ ಒಂದು ಮಾತು ಹೇಳಿ ಕಳಿಸಿದ್ದರಂತೆ: "ನಮ್ಮ ಹುಡುಗಿ ಕಡೆಯಿಂದ ಕಾಗದ ಬಂದ್ರ ಒಡೀಬ್ಯಾಡ್ರಿ. ಹಂಗ ಇಟ್ಟಿರ್ರಿ, ಬಂದು ಆಕೀನ ಹರೀಲಿ."